ಹಿತ್ತಲಿಗೊಂದು ಸಾಮಿಲ್: ಮೊದಲು ದಿಮ್ಮಿ ಅಳೆಯಿರಿ, ಆಮೇಲೆ ಮಿಲ್ಲು ನೋಡಿ

ನಮ್ಮ ಮನೆ ಅಮೆರಿಕದ ಮಿಷಿಗನ್‌ನಲ್ಲಿ, ಆನ್ ಆರ್ಬರ್‌ನಿಂದ ಅರ್ಧ ಗಂಟೆ ದೂರ. ಹಿತ್ತಲಲ್ಲಿ ಮೂರು ಎಕರೆ ಕಾಡಿದೆ. 2008ರಲ್ಲಿ ಕೊಂಡಾಗ ಅಲ್ಲಿ ಆ್ಯಶ್ ಮರಗಳೇ ಜಾಸ್ತಿ ಇದ್ದವು, ಅದರಲ್ಲಿ ಅರ್ಧ ಒಣಗುತ್ತಿದ್ದವು. ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ದುಂಬಿಯ ಕೆಲಸ. ಈ ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು 2002ರಲ್ಲಿ, ನಮ್ಮ ಡೆಟ್ರಾಯಿಟ್ ಸುತ್ತಮುತ್ತಲೇ. ಅದರ ಹುಳ ತೊಗಟೆಯ ಅಡಿಯಲ್ಲಿ ಕೊರೆದು ಮರವನ್ನು ಸಾಯಿಸುತ್ತದೆ, ಆದರೆ ಒಳಗಿನ ನಾಟಾಕ್ಕೆ ಏನೂ ಮಾಡುವುದಿಲ್ಲ. ಅಷ್ಟು ಒಳ್ಳೆಯ ಮರವನ್ನು ಸೌದೆ ಮಾಡಲು ಮಲೆನಾಡಿನ ಸಾಗರದ ಕಡೆ ಹುಟ್ಟಿದವನಿಗೆ ಮನಸ್ಸು ಬರಲಿಲ್ಲ. ಹಾಗೆ ಶುರುವಾಯಿತು ಹಿತ್ತಲಲ್ಲೇ ಹಲಗೆ ಕೊಯ್ಯುವ ಈ ಹುಚ್ಚು.

ಮೊದಲ ಮಿಲ್ಲನ್ನು ನಾನು ತಪ್ಪು ಆರಿಸಿದೆ. ಸೆಕೆಂಡ್ ಹ್ಯಾಂಡ್, ಟ್ರೈಲರ್ ಮೇಲೆ ಕೂತಿದ್ದು, 32 ಇಂಚಿನ ದಿಮ್ಮಿ ಕೊಯ್ಯುವಂಥದ್ದು. ದೊಡ್ಡದಾದರೆ ಒಳ್ಳೆಯದು ಅಲ್ವಾ ಅಂದುಕೊಂಡೆ. ತಂದು ನಿಲ್ಲಿಸಿದ ಮೇಲೆ ಟೇಪು ಹಿಡಿದು ಕಾಡು ಸುತ್ತಿದೆ. ನಲವತ್ತು ಮರ ಅಳೆದರೆ 24 ಇಂಚು ದಾಟಿದ್ದು ಎರಡೇ ಎರಡು!

ಆದ್ದರಿಂದ ಕ್ಯಾಟಲಾಗ್ ತೆರೆಯುವ ಮೊದಲು ನಿಮಗೆ ಸಿಗುವ ಮರ ಎಂಥದ್ದು ಅಂತ ನೋಡಿ. ದಪ್ಪ ಎಷ್ಟು, ಉದ್ದ ಎಷ್ಟು, ಯಾವ ಜಾತಿ. ಮಾರುವವರು ಹೇಳುವ ಇಂಚು ದಿಮ್ಮಿಯ ದಪ್ಪ, ಹಲಗೆಯ ಅಗಲ ಅಲ್ಲ. 26 ಇಂಚಿನ ಮಿಲ್ಲಿನಲ್ಲಿ ಬರುವ ಹಲಗೆ ಸುಮಾರು 20 ಇಂಚು ಅಗಲದ್ದು. ಹವ್ಯಾಸಕ್ಕೆ ಅದೇ ಧಾರಾಳ. ಅಪರೂಪಕ್ಕೊಂದು ದಪ್ಪ ದಿಮ್ಮಿ ಬಂದರೆ ಚೈನ್ ಸಾದಿಂದ ಅಂಚು ಕೆತ್ತಿ ಹಾಕಬಹುದು. ದಪ್ಪಕ್ಕಿಂತ ಉದ್ದಕ್ಕೆ ದುಡ್ಡು ಹಾಕಿ. ಬ್ಲೇಡು, ಎಂಜಿನ್ ಇರುವ ತಲೆ ಓಡಾಡುವ ಹಳಿ ಹತ್ತು ಅಡಿ ಇದ್ದರೆ ಹನ್ನೆರಡು ಅಡಿ ತೊಲೆ ಕೊಯ್ಯುವುದಕ್ಕಾಗುವುದಿಲ್ಲ. ಮುಂದೆ ಹಳಿ ಸೇರಿಸಲು ಬರುತ್ತದೆಯೋ ಇಲ್ಲವೋ ಕೇಳಿಯೇ ಕೊಳ್ಳಿ.

ವರ್ಷಕ್ಕೆ ಐದಾರು ಮರ ಅಷ್ಟೇ ಅನ್ನುವವರಿಗೆ ಪಟ್ಟಿಯಂಥ ಬ್ಲೇಡು ಸುತ್ತುವ ಈ ಬ್ಯಾಂಡ್ ಮಿಲ್ಲೇ ಬೇಡ, ಚೈನ್ ಸಾಗೆ ಕಟ್ಟುವ ಚೌಕಟ್ಟು ಸಾಕು. ಆದರೆ ಒಂದು ಲೆಕ್ಕ ನೋಡಿ. ಚೈನು ಪ್ರತಿ ಕೊಯ್ತಕ್ಕೂ ಸುಮಾರು ಇಂಚಿನ ಎಂಟರಲ್ಲಿ ಮೂರು ಭಾಗ ಹೊಟ್ಟು ಮಾಡುತ್ತದೆ. ಬ್ಯಾಂಡ್ ಬ್ಲೇಡು ತಿನ್ನುವುದು ಇಂಚಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹನ್ನೆರಡು ಇಂಚಿನ ಚೌಕ ತೊಲೆಯಿಂದ ಒಂದಿಂಚು ಹಲಗೆ ಸೀಳಿದರೆ ಚೈನಿಗೆ ಒಂಬತ್ತು, ಬ್ಯಾಂಡಿಗೆ ಹನ್ನೊಂದು. ಬೆನ್ನಿಗೆ ಸಿಗುವ ಆರಾಮ ಬೇರೆ.

ಈಗ ಯಾರೂ ಹೇಳದ ವಿಷಯ: ದಿಮ್ಮಿ ಮಿಲ್ಲಿನ ಮೇಲೆ ಹತ್ತುವುದು ಹೇಗೆ? 20 ಇಂಚು ದಪ್ಪ, ಹತ್ತು ಅಡಿ ಉದ್ದದ ಹಸಿ ರೆಡ್ ಓಕ್ 600 ಕಿಲೋ ದಾಟುತ್ತದೆ. ಎಂಜಿನ್ 9 ಎಚ್‌ಪಿಯೋ 14 ಎಚ್‌ಪಿಯೋ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಇದನ್ನು ಮಾತ್ರ ಮರೆಯುತ್ತಾರೆ. ನನ್ನ ಟ್ರೈಲರ್ ಮಿಲ್ಲಿನ ಮಂಚ ನೆಲದಿಂದ ಎರಡೂವರೆ ಅಡಿ ಮೇಲಿತ್ತು. ಟ್ರ್ಯಾಕ್ಟರ್ ಇಲ್ಲದ ನನಗೆ ಒಂದೊಂದು ದಿಮ್ಮಿಯೂ ಯುದ್ಧ. ಈಗಿನದು ನೆಲಕ್ಕೇ ಕೂರುತ್ತದೆ. ಎರಡು ಇಳಿಜಾರು ತೊಲೆ, ಒಂದು ಕೈ ವಿಂಚು, ಒಂದು ಕ್ಯಾಂಟ್ ಹುಕ್ ಇದ್ದರೆ ಒಬ್ಬನೇ ಉರುಳಿಸಿ ಹತ್ತಿಸುತ್ತೇನೆ. ಕ್ಯಾಂಟ್ ಹುಕ್ ಅಂದರೆ ಉದ್ದ ಹಿಡಿಗೆ ಕೊಕ್ಕೆ ಇರುವ, ದಿಮ್ಮಿ ಹೊರಳಿಸುವ ಕೋಲು. ಇದಕ್ಕೆ ಜಿಪುಣತನ ಮಾಡಬೇಡಿ. 'ಪೋರ್ಟೆಬಲ್' ಅನ್ನುವ ಮಾತಿಗೂ ಮರುಳಾಗಬೇಡಿ. ಬೇರೆಯವರ ಜಮೀನಿಗೆ ಹೋಗಿ ಕೊಯ್ಯುವ ಯೋಚನೆ ನಿಜವಾಗಿಯೂ ಇದ್ದರೆ ಮಾತ್ರ ಚಕ್ರ ಬೇಕು. ನನ್ನ ಟ್ರೈಲರ್ ನಾಲ್ಕು ವರ್ಷದಲ್ಲಿ ಗೇಟು ದಾಟಿದ್ದು ಒಂದೇ ಸಲ, ಅದೂ ಮಾರಿದ ದಿನ.

ನೆಲಕ್ಕೆ ಕೂರುವ ಮಿಲ್ಲಿಗೆ ನೆಲ ಮಟ್ಟಸ ಇರಬೇಕು. ಎರಡನೇ ಮಿಲ್ಲನ್ನು ನಾನು ಹುಲ್ಲಿನ ಮೇಲೆ ಹಾಗೇ ಇಟ್ಟುಬಿಟ್ಟೆ. ಇಲ್ಲಿ ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಉಬ್ಬುತ್ತದೆ. ಈ ರಾಜ್ಯದಲ್ಲಿ ಮನೆಯ ಬುನಾದಿ 42 ಇಂಚು ಆಳಕ್ಕೆ ತೋಡುವುದು ಇದಕ್ಕೇ. ಮಾರ್ಚಿನಲ್ಲಿ ಕೊಯ್ದ ಹಲಗೆಯೆಲ್ಲ ಒಂದು ತುದಿ ಒಂದಿಂಚು, ಇನ್ನೊಂದು ತುದಿ ಒಂದೂಕಾಲು. ವಿಡಿಯೋ ಕಾಲ್‌ನಲ್ಲಿ ಅಪ್ಪಯ್ಯನಿಗೆ ತೋರಿಸಿದೆ. "ಮಿಲ್ಲಿಗೆ ಯಾಕೆ ಬೈತೀಯ ಮಾರಾಯ, ಮೊದ್ಲು ರಸಮಟ್ಟ ಇಟ್ಟು ನೋಡು" ಅಂದರು. ಹೊಂಡದ ಕೆಳಗೊಬ್ಬ ಮೇಲೊಬ್ಬ ನಿಂತು ಗರಗಸ ಎಳೆಯುತ್ತಿದ್ದ ಕಾಲ ಕಂಡವರು ಅವರು. ಈಗ ಜಲ್ಲಿ ಹಾಸಿ, ಅದರ ಮೇಲೆ ದಪ್ಪ ತೊಲೆ ಅಡ್ಡ ಇಟ್ಟು, ಆಮೇಲೆ ಹಳಿ ಕೂರಿಸಿದ್ದೇನೆ. ಪ್ರತಿ ವಸಂತದಲ್ಲೂ ದಾರ ಕಟ್ಟಿ ನೋಡುತ್ತೇನೆ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ. ಪೈನ್‌ನಂಥ ಮೆತ್ತನೆ ಮರಕ್ಕೆ ಚಿಕ್ಕದು ಸಾಕು. ಓಕ್, ಒಣ ಆ್ಯಶ್ ಅಗಲ ಜಾಸ್ತಿ ಇದ್ದರೆ 14 ಎಚ್‌ಪಿ ಹಿತ. ಚಿಕ್ಕದರಲ್ಲೂ ಆಗುತ್ತದೆ, ನಿಧಾನಕ್ಕೆ ತಳ್ಳಬೇಕು ಅಷ್ಟೇ.

ಬ್ಲೇಡಿನ ಬಗ್ಗೆ ಹೆಚ್ಚು ಕೇಳಿ. ಹಲಗೆ ಅಲೆಅಲೆಯಾಗಿ ಬಂದರೆ ಹತ್ತರಲ್ಲಿ ಎಂಟು ಸಲ ಮೊಂಡು ಬ್ಲೇಡೇ ಕಾರಣ. ಮಿಲ್ಲಿಗೆ ಬೇಕಾದ ಬ್ಲೇಡಿನ ಉದ್ದ ಎಲ್ಲ ಕಡೆ ಸಿಗುವಂಥದ್ದಾಗಿರಲಿ. 144 ಇಂಚಿನದು ಸಾಮಾನ್ಯ ಅಳತೆ. ಹಲ್ಲಿನ ಕೋನ 10 ಡಿಗ್ರಿ ಇರುವುದು ದಿನಬಳಕೆಗೆ, ಗಟ್ಟಿ ಮರಕ್ಕೆ 7, ಹೆಪ್ಪುಗಟ್ಟಿದ ದಿಮ್ಮಿಗೆ 4. ಒಣಗಿ ನಿಂತ ಆ್ಯಶ್‌ಗೆ ನಾನು 7ನ್ನೇ ಹಾಕುತ್ತೇನೆ. ಹತ್ತು ಬ್ಲೇಡು ಕೈಯಲ್ಲಿರಲಿ. ಐದು ಸಾಣೆಗೆ ಹೋದರೆ ಐದು ಕೆಲಸಕ್ಕೆ. ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ತೊಟ್ಟಿಕ್ಕಬೇಕು, ಒಂದಿಷ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ. ಚಳಿಗಾಲದಲ್ಲಿ ಕಾರಿನ ಗಾಜು ತೊಳೆಯುವ ದ್ರವ ಹಾಕಿದರೆ ಹೆಪ್ಪುಗಟ್ಟುವುದಿಲ್ಲ. ಮನೆ ಅಂಗಳದ ಮರ ಪುಕ್ಕಟೆ ಕೊಡುತ್ತೇವೆ ಅಂದರೆ ಹುಷಾರು. ಪಕ್ಕದ ರಸ್ತೆಯವರು ಕೊಟ್ಟ ಮೇಪಲ್‌ನಲ್ಲಿ ಉಯ್ಯಾಲೆಯ ಕೊಕ್ಕೆ ಹುದುಗಿತ್ತು. ಹೊಸ ಬ್ಲೇಡಿನ ಹಲ್ಲು ಒಂದೇ ನಿಮಿಷದಲ್ಲಿ ಬೋಳು! ಆಮೇಲೆ ಲೋಹ ಪತ್ತೆ ಮಾಡುವ ಕೋಲು ಕೊಂಡೆ. ಅದು ಒಂದು ಬ್ಲೇಡಿನ ಬೆಲೆಗಿಂತ ತುಸು ಜಾಸ್ತಿ ಅಷ್ಟೇ.

ಹಳೆಯ ಮಿಲ್ಲು ನೋಡಲು ಹೋದರೆ ಬಣ್ಣ ನೋಡಬೇಡಿ. ತಲೆಯನ್ನು ಅರ್ಧಕ್ಕೆ ಏರಿಸಿ ಬಿಟ್ಟು ಹತ್ತು ನಿಮಿಷ ಮಾಲೀಕರ ಜೊತೆ ಮಾತಾಡಿ, ತಾನಾಗಿ ಜಾರಿದೆಯಾ ಅಳೆಯಿರಿ. ಬ್ಲೇಡು ಹಿಡಿಯುವ ಗೈಡ್ ರೋಲರ್ ಕೈಯಲ್ಲಿ ತಿರುಗಿಸಿ, ಗರಗರ ಅಂದರೆ ಬೇರಿಂಗ್ ಹೋಗಿದೆ. ಬ್ಲೇಡು ಸುತ್ತುವ ಚಕ್ರದ ಮೇಲಿನ ರಬ್ಬರ್ ಬೆಲ್ಟು ಸವೆದಿದ್ದರೆ ಹೆದರಬೇಡಿ, ಅದು ಅಗ್ಗದ ಸಾಮಾನು. ನಿಮ್ಮ ಕಣ್ಣೆದುರೇ ಒಂದು ದಿಮ್ಮಿ ಕೊಯ್ದು ತೋರಿಸಲಿ, ಆ ಹಲಗೆಯನ್ನು ಮೂರು ಕಡೆ ಅಳೆಯಿರಿ.

ದುಡ್ಡು ಎಷ್ಟು? ಕೈಯಲ್ಲಿ ತಳ್ಳುವ ಹೊಸ ಮಿಲ್ಲು ಇಲ್ಲಿ ಮೂರರಿಂದ ಐದು ಸಾವಿರ ಡಾಲರ್ ಆಸುಪಾಸು. ಹೈಡ್ರಾಲಿಕ್ ಇರುವುದಕ್ಕೆ ಕಾರಿನ ಬೆಲೆ, ಅದು ಹೊಟ್ಟೆಪಾಡಿಗೆ ಕೊಯ್ಯುವವರಿಗೆ. ಊರಲ್ಲಿರುವ ಗೆಳೆಯರು ನನಗೂ ಒಂದು ಕಳಿಸು ಅನ್ನುತ್ತಾರೆ. ಅಲ್ಲಿ ಅರಣ್ಯ ಇಲಾಖೆಯ ಲೈಸೆನ್ಸ್ ಇಲ್ಲದೆ ಸಾಮಿಲ್ ಇಡುವಂತಿಲ್ಲ, ಮೊದಲು ಅದನ್ನು ವಿಚಾರಿಸಿ. ಇಲ್ಲಿನ ಅಳತೆ ಬೋರ್ಡ್ ಫೂಟ್, ಅಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆ. ಊರಿನ ಸಿಎಫ್‌ಟಿ (ಘನ ಅಡಿ) ಬಾಯಿಗೆ ಬರುವವರು ಬೋರ್ಡ್ ಫೂಟನ್ನು ಹನ್ನೆರಡರಿಂದ ಭಾಗಿಸಿಕೊಳ್ಳಿ.

ಬಜೆಟ್‌ನಲ್ಲಿ ಹಲಗೆ ಪೇರಿಸುವ ಜಾಗ, ಮೇಲೊಂದು ತಗಡು, ನೂರಾರು ಮುಕ್ಕಾಲಿಂಚು ರೀಪಿನ ತುಂಡು ಸೇರಿಸಿಕೊಳ್ಳಿ. ಕೊಯ್ದ ದಿನವೇ ಹಲಗೆಗಳ ನಡುವೆ ಒಂದೂವರೆ ಅಡಿಗೊಂದು ತುಂಡು ಇಟ್ಟು ಪೇರಿಸಬೇಕು, ಗಾಳಿ ಆಡಬೇಕು. ಒಂದಿಂಚು ದಪ್ಪಕ್ಕೆ ಸುಮಾರು ಒಂದು ವರ್ಷ. ನಮ್ಮ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ ಎಷ್ಟೋ ಚಳಿಗಾಲ ಆಯಿತು. ಹೆಂಡತಿ ಈಗ ಕೇಳುವುದನ್ನೂ ಬಿಟ್ಟಿದ್ದಾಳೆ.