ನಾನು ಬರೆಯದ ಒಂದು ಸಾಲು

ನಾನು ನಡೆಸುವ ಸಣ್ಣ ಜಾಲತಾಣದಲ್ಲಿ ಜಾಹೀರಾತುಗಳೇ ಇಲ್ಲ. ಹಾಗಿದ್ದೂ ಪುಟದ ಕೆಳಗೆ ಜಾಹೀರಾತೊಂದು ಅಡ್ಡ ಬರುತ್ತಿದೆಯೆಂದು 2016ರಲ್ಲಿ ಓದುಗರೊಬ್ಬರು ಚಿತ್ರಸಮೇತ ತಿಳಿಸಿದಾಗ, ಯಾರೋ ಸರ್ವರಿಗೆ ನುಗ್ಗಿದ್ದಾರೆಂದೇ ಹೆದರಿದೆ. ಎರಡು ದಿನ ಜಾಲಾಡಿದರೂ ಏನೂ ಸಿಗಲಿಲ್ಲ. ಕೊನೆಗೆ, ಆ ಓದುಗರ ಅಂತರ್ಜಾಲ ಸೇವಾದಾರರದೇ ಸಂಪರ್ಕವಿದ್ದ ಇನ್ನೊಂದು ಕಡೆಯಿಂದ ಪುಟವನ್ನು ಇಳಿಸಿಕೊಂಡು, ಮೂಲ ಕಡತದೊಂದಿಗೆ ಸಾಲುಸಾಲಾಗಿ ಹೋಲಿಸಿದೆ. ಪುಟದ ಕೋಡಿನ ಕೊನೆಯಲ್ಲಿ, ಬಾಡಿ ಟ್ಯಾಗ್ ಮುಗಿಯುವುದಕ್ಕೆ ತುಸು ಮೊದಲು, ನಾನೆಂದೂ ಬರೆಯದ ಒಂದು ಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಸಾಲು ಅಲ್ಲಿತ್ತು. ಬೇರೆ ಸೇವಾದಾರರ ಮೂಲಕ ಇಳಿಸಿಕೊಂಡ ಪ್ರತಿಯಲ್ಲಿ ಅದು ಇರಲಿಲ್ಲ. ಆ ಪ್ರತಿಯ ಹ್ಯಾಶ್ (ಕಡತದ ವಿಷಯದಿಂದ ಲೆಕ್ಕಹಾಕುವ, ಬೆರಳ ಗುರುತಿನಂಥ ಸಂಖ್ಯೆ) ಮೂಲದ ಹ್ಯಾಶ್‌ಗೆ ಸರಿಯಾಗಿ ಹೊಂದುತ್ತಿತ್ತು. ಪುಟವನ್ನು ದಾರಿಯಲ್ಲಿಯೇ ತಿದ್ದಿ, ನನ್ನ ಹೆಸರಿನಲ್ಲಿಯೇ ಓದುಗರಿಗೆ ತಲುಪಿಸಲಾಗುತ್ತಿತ್ತು.

ಗುಟ್ಟೇನೂ ಇಲ್ಲದ ತಾಣಕ್ಕೆ ಎಚ್‌ಟಿಟಿಪಿಎಸ್ (ತಾಣ ಮತ್ತು ಬ್ರೌಸರ್ ನಡುವೆ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ವಿಧಾನದ ಗೂಢಲಿಪಿ ರೂಪ) ಏಕೆ ಎಂದು ಅಲ್ಲಿಯವರೆಗೆ ವಾದಿಸುತ್ತಿದ್ದವರಲ್ಲಿ ನಾನೂ ಒಬ್ಬ. ಆದರೆ ಅದು ವಿಷಯವನ್ನು ಮರೆಮಾಡುವುದಷ್ಟೇ ಅಲ್ಲ, ಕಳುಹಿಸಿದ ದತ್ತಾಂಶದಲ್ಲಿ ಒಂದು ಬೈಟ್ ಬದಲಾದರೂ ಬ್ರೌಸರ್ ಅದನ್ನು ಒಪ್ಪದಂತೆ ನೋಡಿಕೊಳ್ಳುತ್ತದೆ. ನನಗೆ ಬೇಕಾಗಿದ್ದುದು ಈ ಎರಡನೆಯ ಗುಣ.

ಎಚ್‌ಟಿಟಿಪಿಎಸ್‌ಗೆ ತಾಣದ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರ ಬೇಕು. ಅದನ್ನು ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡಿದ್ದರಿಂದ ಪ್ರಮಾಣಪತ್ರ ಪುಕ್ಕಟೆಯಾಗಿಯೇ ಸಿಕ್ಕಿತು. 90 ದಿನಗಳಿಗೆ ಮುಗಿಯುತ್ತಿದ್ದ ಅದರ ನವೀಕರಣವನ್ನು ಸರ್ವರಿಗೇ ಒಪ್ಪಿಸಿದೆ. ನಿಜವಾಗಿ ಬೆವರಿಳಿಸಿದ್ದು ಹಳೆಯ ಪುಟಗಳು. ಎಚ್‌ಟಿಟಿಪಿ ವಿಳಾಸದಿಂದ ಬರುತ್ತಿದ್ದ ಒಂದೇ ಒಂದು ಚಿತ್ರವಿದ್ದರೂ ಸುರಕ್ಷಿತ ಸಂಪರ್ಕವೆಂದು ಬ್ರೌಸರ್ ತೋರಿಸುವ ಬೀಗದ ಗುರುತು ಮಾಯವಾಗುತ್ತಿತ್ತು, ಸ್ಕ್ರಿಪ್ಟ್‌ಗಳನ್ನಂತೂ ಬ್ರೌಸರ್ ತಡೆದೇಬಿಡುತ್ತಿತ್ತು. ಹಾಗಾಗಿ ಪ್ರತಿ ಪುಟದ ಕೊಂಡಿಗಳನ್ನೂ ಕೈಯಾರೆ ತಿದ್ದಬೇಕಾಯಿತು. ಹಳೆಯ ವಿಳಾಸಗಳಿಗೆ 301 ಮರುನಿರ್ದೇಶನ (ಹೊಸ ವಿಳಾಸಕ್ಕೆ ಶಾಶ್ವತವಾಗಿ ಕಳುಹಿಸುವ ಸೂಚನೆ) ಕೊಟ್ಟೆ. ಆದರೂ ಮೊದಲ ಕೋರಿಕೆ ಬಯಲಿನಲ್ಲಿಯೇ ಹೋಗುತ್ತಿದ್ದುದರಿಂದ ಎಚ್‌ಎಸ್‌ಟಿಎಸ್ (ಈ ತಾಣಕ್ಕೆ ಎಚ್‌ಟಿಟಿಪಿಎಸ್ ಮೂಲಕವೇ ಬಾ ಎಂದು ಬ್ರೌಸರಿಗೆ ಹೇಳುವ ಸೂಚನೆ) ಕೂಡ ಹಾಕಿದೆ. ಒಮ್ಮೆ ಭೇಟಿ ಕೊಟ್ಟ ಬ್ರೌಸರ್ ಆ ಬಳಿಕ ಎಚ್‌ಟಿಟಿಪಿಯನ್ನು ಮುಟ್ಟುವುದೇ ಇಲ್ಲವಾದ್ದರಿಂದ, ತಪ್ಪಾದರೆ ಓದುಗರು ಹೊರಗುಳಿಯುತ್ತಾರೆಂಬ ಎಚ್ಚರದಿಂದ ಅದರ ಅವಧಿಯನ್ನು ಮೊದಲು 300 ಸೆಕೆಂಡು ಇಟ್ಟು, ಎಲ್ಲವೂ ಸರಿಯಿದೆಯೆಂದು ಖಾತ್ರಿಯಾದ ಮೇಲೆ ಒಂದು ವರ್ಷಕ್ಕೆ ಏರಿಸಿದೆ.

ಅದೇ ಸಂಪರ್ಕದಿಂದ ಮತ್ತೆ ಇಳಿಸಿಕೊಂಡು ಹೋಲಿಸಿದಾಗ ಆ ಸಾಲು ಇರಲಿಲ್ಲ. ಯಾವ ತಾಣಕ್ಕೆ ಹೋಗುತ್ತಿದ್ದೇವೆಂಬುದು ಮಾತ್ರ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಪ್ರಶ್ನೆಗಳಿಂದಲೂ ಸಂಪರ್ಕದ ಆರಂಭದಲ್ಲಿ ಕಾಣುವ ತಾಣದ ಹೆಸರಿನಿಂದಲೂ ಸೇವಾದಾರರಿಗೆ ತಿಳಿಯುತ್ತಲೇ ಇತ್ತು. ಡಿಎನ್‌ಎಸ್ ಅನ್ನು ಎಚ್‌ಟಿಟಿಪಿಎಸ್ ಒಳಗೆ ಕಳುಹಿಸುವ ವಿಧಾನ 2018ರಲ್ಲಿ ಮಾನಕವಾದ ಮೇಲೆ ನನ್ನ ಯಂತ್ರಗಳಲ್ಲಿ ಅದನ್ನು ಹಾಕಿಕೊಂಡೆ. ಓದುಗರ ಯಂತ್ರಗಳಲ್ಲಿ ಅದನ್ನು ಓದುಗರೇ ಹಾಕಿಕೊಳ್ಳಬೇಕು.