ತೂತು ಮೆಷಿನ್‌ಗೆ, ಬಣ್ಣ ಮೇಸ್ತ್ರಿಗೆ

ಮೆಷಿನ್ ತಂದರೆ ಚನ್ನಪಟ್ಟಣದ ಗೊಂಬೆ ಕೆಟ್ಟೇ ಹೋಗುತ್ತೆ ಅಂತ ನನಗೆ ಹೇಳದವರಿಲ್ಲ. ಈಗ ಅವರೇ ನನ್ನ ಶೆಡ್‌ಗೆ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಇರಲಿ.

ಶುರುವಾಗಿದ್ದು ಕಂಬಕ್ಕೆ ಬಳೆ ಪೋಣಿಸುವ ಮಕ್ಕಳ ಆಟಿಕೆಯಿಂದ. ಸುಮಾರು 2,000 ಸೆಟ್ ಆರ್ಡರ್, ನಾಲ್ಕು ಜನ ಮೇಸ್ತ್ರಿಗಳು. ಒಬ್ಬರ ಬಳೆ ಇನ್ನೊಬ್ಬರ ಕಂಬಕ್ಕೆ ಇಳಿಯಲ್ಲ! ಆರುನೂರು ಸೆಟ್ ವಾಪಸ್ ಬಂತು. ಲಕ್ಷದ ಹತ್ತಿರ ಕೈಬಿಟ್ಟಿತು.

ರೋಸಿಹೋಗಿ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಲೇತ್ (ಮರ ತಿರುಗಿಸಿ ಕಡೆಯುವ ಮೆಷಿನ್) ತಂದೆ, ಮೂರೂವರೆ ಲಕ್ಷ ಇರಬೇಕು. ಎಲ್ಲ ಅದರಲ್ಲೇ ಕಡೆಸಿ ಪೇಂಟ್ ಸ್ಪ್ರೇ ಮಾಡಿಸಿದೆ. 2021ರಿಂದ ಆಟಿಕೆಗೆ ಬಿಐಎಸ್ ಅನ್ನೋ ಗುಣಮಟ್ಟದ ನಿಯಮ ಬಂತಲ್ವಾ, ಪೇಂಟಿನ ಟೆಸ್ಟ್ ಖರ್ಚು ಬೇರೆ. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ಕೈಗೆ ಪ್ಲಾಸ್ಟಿಕ್ ಥರ. ಮೇಸ್ತ್ರಿ ಒಂದು ಬಳೆ ಎತ್ತಿ ನೋಡಿ, "ಇದಕ್ಕೆ ನಾವ್ಯಾಕೆ ಮೇಡಂ?" ಅಂದರು. ಉತ್ತರ ಇರಲಿಲ್ಲ.

ಆಮೇಲೆ ಕೆಲಸ ಹಂಚಿದೆ. ತೂತು, ಒರಟು ಆಕಾರ ಮೆಷಿನ್‌ಗೆ. ಕೊನೆಯ ಉಳಿ, ಅರಗು, ತಾಳೆಗರಿಯ ಮೆರುಗು ಮೇಸ್ತ್ರಿಗೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಕಿರ್ ಅನ್ನೋ ಸದ್ದು ಮೆತ್ತಗಾಗುವ ಆ ಗಳಿಗೆ ಅವರ ಕಿವಿಗೆ ಗೊತ್ತು, ನನ್ನ ಮೆಷಿನ್‌ಗೆ ಗೊತ್ತಿಲ್ಲ. ಬಳೆ ಮೇಲಿನ ಪಟ್ಟಿಯ ಬಣ್ಣ, ಅಗಲ ಎಲ್ಲ ಅವರಿಗೇ ಬಿಟ್ಟೆ. ಡ್ರಾಯಿಂಗ್ ಬದಲು ಅಳತೆ ನೋಡೋಕೆ ಎರಡು ಸ್ಟೀಲ್ ಗೂಟ ಕೊಟ್ಟೆ: ಒಂದು ಗೂಟ ಬಳೆಯ ತೂತಿಗೆ ಇಳಿಯಬೇಕು, ಇನ್ನೊಂದು ಇಳಿಯಬಾರದು.

ಅಷ್ಟಕ್ಕೇ ಮುಗಿಯಲಿಲ್ಲ. ದುಂಡಗೆ ಕೊರೆದ ತೂತು ತಿಂಗಳಲ್ಲಿ ಮೊಟ್ಟೆಯಾಕಾರ ಆಯಿತು. ಗೊಂಬೆಗೆ ಬಳಸುವ ಆಲೆ ಮರ ಹಸಿ ಇತ್ತು, ನನ್ನದೇ ಅವಸರ. ಈಗ ಮೂರು ತಿಂಗಳು ಒಣಗಿಸದೆ ಮುಟ್ಟಲ್ಲ. ಅಷ್ಟು ದಿನ ದುಡ್ಡು ಮರದಲ್ಲೇ ಕೂತಿರುತ್ತೆ, ಬಡ್ಡಿ ಮಾತ್ರ ಓಡುತ್ತೆ.

ಮೇಸ್ತ್ರಿಗಳ ಪೀಸ್ ರೇಟ್ ಒಂದು ರೂಪಾಯಿಯೂ ಇಳಿಸಲಿಲ್ಲ. ಒರಟು ಕೆಲಸ ತಪ್ಪಿದ್ದರಿಂದ ದಿನಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಬಳೆ ಆಗುತ್ತೆ, ಅವರ ಕೂಲಿಯೂ ಏರಿತು. ವಾಪಸ್ ಬರೋದು ನೂರಕ್ಕೆ ಎರಡೋ ಮೂರೋ.

ನಡುವೆ ಸುಮ್ನೆ ಬೀಟ್‌ರೂಟ್ ಬಣ್ಣ ಅರಗಿಗೆ ಬೆರೆಸಿ ನೋಡಿದೆ. ಬಿಸಿಗೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸದ ಹಾಗೆ ಮಾಡಿದ್ದೇನೆ, ಹೇಗೆ ಅಂತ ಕೇಳಬೇಡಿ.

ಆ ಮೊಟ್ಟೆ ತೂತಿನ ಬಳೆಗಳಿದ್ದವಲ್ಲ, ಒಂದು ಹೋಟೆಲಿನವರು ನ್ಯಾಪ್‌ಕಿನ್ ಸಿಕ್ಕಿಸೋಕೆ ಒಯ್ದರು. ಈಗ ಅಂಥವೇ ಇನ್ನೂ ಇನ್ನೂರು ಬೇಕಂತೆ!