ಇಂಗ್ಲೆಂಡಿನ ರೀಡಿಂಗ್ ಊರಿನ ನಮ್ಮ ಹಿತ್ತಿಲಲ್ಲಿ ಬೇ ಗಿಡ: ಮೂರನೇ ಸಲಕ್ಕೆ ನೆಲ ಹಿಡಿಯಿತು

ಈ ವಾರ ಸಾಗುವಿಗೆ ಹಿತ್ತಿಲಿನ ಬೇ ಎಲೆಯನ್ನೇ ಹಾಕಿದೆವು, ಇಲ್ಲಿಯವರು ಅಡುಗೆಗೆ ಪರಿಮಳಕ್ಕೆಂದು ಹಾಕುವ ಎಲೆ. ಗಿಡ ಈಗ ನನ್ನ ಭುಜದೆತ್ತರ ಇದೆ. "ಇಂಗ್ಲೆಂಡಿನ ಚಳಿಗೆ ಕುಂಡದಲ್ಲೇ ಇಡಿ, ನಿಮ್ಮ ಜೇಡಿಮಣ್ಣಲ್ಲಿ ಆಗಲ್ಲ" ಎಂದವರೆಲ್ಲ ಈಗ ಎಲೆ ಕೇಳಿಕೊಂಡು ಬರುತ್ತಾರೆ.

ಮೊದಲು ತಂದದ್ದು ಕೋಲಿನ ಮೇಲೆ ಚೆಂಡು ಇಟ್ಟ ಹಾಗೆ ಕತ್ತರಿಸಿದ ದುಬಾರಿ ಗಿಡ. 40 ಪೌಂಡ್ ಇರಬೇಕು, ಪಿಂಗಾಣಿ ಕುಂಡಕ್ಕೆ ಬೇರೆ 20. 2018ರ ಫೆಬ್ರವರಿ ಕೊನೆಗೆ ಪೂರ್ವದಿಂದ ಆ ಹಿಮಗಾಳಿ ಬೀಸಿತಲ್ಲ, ಕುಂಡವೂ ಸೀಳಿತು, ಗಿಡವೂ ಹೋಯಿತು. ಕುಂಡದ ಬೇರಿಗೆ ಸುತ್ತಲಿಂದಲೂ ಚಳಿ ಹೊಡೆಯುತ್ತದೆ.

ಎರಡನೆಯದನ್ನು ನೆಲದಲ್ಲೇ ನೆಟ್ಟೆ, ಆದರೆ ತಗ್ಗಿನಲ್ಲಿ. 2020ರ ಫೆಬ್ರವರಿ ಮಳೆಗೆ ಗುಂಡಿ ಬಾವಿಯಾಯಿತು. ಕಿತ್ತು ನೋಡಿದರೆ ಬೇರು ಕಪ್ಪಗೆ, ಕೊಳೆತ ವಾಸನೆ. ಇನ್ನೊಂದು 25 ಪೌಂಡ್ ನೀರಿಗೆ ಹೋಯಿತು.

2021ರಲ್ಲಿ ಸೂಪರ್‌ಮಾರ್ಕೆಟ್‌ನಿಂದ ಸುಮಾರು 3 ಪೌಂಡಿನ ಪುಟ್ಟ ಕುಂಡ ತಂದೆ. ಅದರಲ್ಲಿ ನಾಲ್ಕು ಸಸಿ ಒತ್ತೊತ್ತಾಗಿದ್ದವು. ನೀರಲ್ಲಿ ನೆನೆಸಿ ಬೇರು ಬಿಡಿಸಿದೆ. ಅದರಲ್ಲಿ ಗಟ್ಟಿಯಾದದ್ದನ್ನು ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆಯ ಪಕ್ಕ, ಒಂದಡಿ ಎತ್ತರದ ದಿಬ್ಬ ಹಾಕಿ ನೆಟ್ಟೆ. ದಿಬ್ಬಕ್ಕೆ ಏನೇನು ಎಷ್ಟೆಷ್ಟು ಬೆರೆಸಿದೆ ಅನ್ನೋದು ನನ್ನಲ್ಲೇ ಇರಲಿ, ಅದಕ್ಕೆ ಎರಡು ಗಿಡ ಕಳೆದುಕೊಂಡಿದ್ದೇನೆ. ಒಂದು ಮಾತ್ರ ಹೇಳುತ್ತೇನೆ: ಜುಲೈ ದಾಟಿದ ಮೇಲೆ ಗೊಬ್ಬರ ಬೇಡ. ಆಮೇಲೆ ಬರುವ ಎಳೆ ಚಿಗುರು ಮೊದಲ ಹಿಮಕ್ಕೇ ಸುಟ್ಟುಹೋಗುತ್ತದೆ.

ನಿಜವಾದ ಪರೀಕ್ಷೆ 2022ರ ಡಿಸೆಂಬರ್. ಒಂದು ಬೆಳಿಗ್ಗೆ ನಮ್ಮ ಥರ್ಮಾಮೀಟರ್ ಮೈನಸ್ 8 ತೋರಿಸಿತು ಅಂತ ನೆನಪು. ಫ್ಲೀಸ್ ಬಟ್ಟೆ ಸುತ್ತಿದ್ದರೂ ಜನವರಿ ಹೊತ್ತಿಗೆ ಎಲೆಯೆಲ್ಲ ಕಂದು. ಮನೆಯವರೂ ಕಿತ್ತುಬಿಡಿ ಎಂದರು. ನಾನು ಕಾಂಡವನ್ನು ಉಗುರಿನಿಂದ ಕೆರೆದೆ. ಮೇಲುಗಡೆ ಒಣ ಕಂದು. ಇನ್ನೂ ಒಂದು ಗೇಣು ಕೆಳಗೆ ಕೆರೆದೆ, ಸಿಪ್ಪೆಯಡಿ ಹಸಿ ಅವರೆಕಾಯಿಯಂಥ ಹಸಿರು, ಉಗುರಿಗೆ ತೇವ. ಅಷ್ಟು ಸಾಕಾಯಿತು. ಏಪ್ರಿಲ್ ಕೊನೆವರೆಗೆ ಕತ್ತರಿ ಮುಟ್ಟಲಿಲ್ಲ. ಆಮೇಲೆ ಹಸಿರು ಇರುವಲ್ಲಿಗೆ ಕತ್ತರಿಸಿದೆ. ಜೂನ್‌ನಲ್ಲಿ ಬುಡದಿಂದ ಆರೇಳು ಚಿಗುರು ಬಂದವು.

ಎಲೆಯಂಚು ಸುರುಳಿಯಾಗಿ ದಪ್ಪಗೆ ಹಳದಿಯಾದರೆ ಬಿಚ್ಚಿ ನೋಡಿ, ಒಳಗೆ ಬಿಳಿ ಹತ್ತಿಯಂಥ ಮರಿಹುಳ ಇರುತ್ತವೆ. ನಾನು ಔಷಧಿ ಹೊಡೆಯಲ್ಲ, ಆ ಎಲೆಗಳನ್ನು ಚಿವುಟಿ ಬಿಸಾಡುತ್ತೇನೆ.

ಅಂದಹಾಗೆ, ಇದು ನಮ್ಮೂರ ಪಲಾವ್ ಎಲೆ ಅಲ್ಲ. ಅದರಲ್ಲಿ ಉದ್ದಕ್ಕೆ ಮೂರು ನರ, ಇದರಲ್ಲಿ ನಡುವೆ ಒಂದೇ. ಅದಕ್ಕೆ ದಾಲ್ಚಿನ್ನಿ ಪರಿಮಳ, ಇದು ನೀಲಗಿರಿ ಎಲೆಯ ಕಡೆಗೆ. ಹಸಿ ಎಲೆಯನ್ನೇ ಹಾಕಿದಾಗ ಸಾಗು ಕಹಿಯಾಯಿತು. ಈಗ ನೆರಳಲ್ಲಿ ಎರಡು ವಾರ ಒಣಗಿಸಿ, ಒಂದು ಪಾತ್ರೆಗೆ ಒಂದೇ ಎಲೆ ಹಾಕುತ್ತೇವೆ.

ಹೋದ ಆಗಸ್ಟ್‌ನಲ್ಲಿ ಸುಮ್ನೆ ಹನ್ನೆರಡು ಕಡ್ಡಿ ನೆಟ್ಟು ನೋಡಿದೆ. ಹತ್ತು ಕೊಳೆತವು. ಎರಡು ಬೇರು ಬಿಡಲು ಆರೇಳು ತಿಂಗಳು ತೆಗೆದುಕೊಂಡವು. ಅವಕ್ಕೂ ಅದೇ ಗೋಡೆಯ ಪಕ್ಕ ಆಗಲೇ ದಿಬ್ಬ ಹಾಕಿಟ್ಟಿದ್ದೇನೆ.